ಗುಳ್ಳೆ ನಿಂತ ಜಾಗ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹಲಗೆ. ಗೋಡೆಗೆ ಎರಡು ಬ್ರಾಕೆಟ್ ಕೂರಿಸಿ, ಮೇಲೆ ಹಲಗೆ ಇಟ್ಟು, ಪುಸ್ತಕ ಜೋಡಿಸಬೇಕು, ಅಷ್ಟೇ. ಬಡಗಿಗೆ ಅರ್ಧ ಗಂಟೆಯ ಕೆಲಸ. ಆದರೆ ನಮ್ಮ ಪ್ರೂಫ್‌ರೀಡರ್ ಮಹಾಶಯರು ಹದಿನೈದು ವರ್ಷದಿಂದ ಅಚ್ಚುಮನೆಯಲ್ಲಿ ಕೂತು ಬೇರೆಯವರ ತಪ್ಪು ಹಿಡಿದವರು. ತಮ್ಮ ಕೈಯಿಂದಲೂ ತಪ್ಪಾದೀತು ಎಂದು ಅವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಹೆಂಡತಿಗೆ ಹೊಳೆದಿತ್ತು. ಅವರು ರಿಪೇರಿ ಮಾಡಿದ ನಲ್ಲಿಯನ್ನು ಪ್ಲಂಬರ್ ಎರಡು ದಿನ ಕೂತು ರಿಪೇರಿ ಮಾಡಿದ್ದ. ಟೀಚರುಗಳ ತರಬೇತಿಗೆ ಪರವೂರಿಗೆ ಹೊರಟ ಆಕೆ ಬಾಗಿಲಲ್ಲಿ ನಿಂತು ಹೇಳಿದ್ದಳು: "ಹಲಗೆ ನೀವೇ ಹಾಕ್ತೀರಾ, ಹಾಕಿ. ಈ ಸಲಾನೂ ಕೆಟ್ರೆ ಇನ್ಮುಂದೆ ಈ ಮನೇಲಿ ಒಂದು ಮೊಳೇನೂ ನೀವು ಮುಟ್ಟೋ ಹಾಗಿಲ್ಲ."

ಆಕೆ ಬರುವುದು ಇವತ್ತು ಸಂಜೆ ಐದಕ್ಕೆ. ಮಹಾಶಯರು ಬೆಳಿಗ್ಗೆಯೇ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಏಳು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಎದುರಿಗೆ ಕೂರಿಸಿಕೊಂಡು, ಹೊಸದಾಗಿ ತಂದಿದ್ದ ಎರಡಡಿಯ ರಸಮಟ್ಟವನ್ನು ತೋರಿಸಿದರು. "ಈ ಗಾಜಿನೊಳಗಿನ ಗುಳ್ಳೆ ಮಧ್ಯಕ್ಕೆ ಬಂದು ನಿಂತ್ರೆ ಮಾತ್ರ ಸರಿಯಾಗಿದೆ ಅಂತ. ಆಮೇಲೆ ಎರಡೂ ತುದೀಲಿ ಇಂಟು ಮಾರ್ಕ್ ಹಾಕ್ಬೇಕು." ಮಕ್ಕಳು ಗುಳ್ಳೆಯನ್ನು ಕಣ್ಣರಳಿಸಿ ನೋಡಿದವು.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಪಾಠ ಮುಗಿದ ಮೇಲೆ ರಸಮಟ್ಟವನ್ನು ಮಕ್ಕಳ ಕೈಗೇ ಕೊಟ್ಟು, ಮಹಾಶಯರು ನೆಲದಿಂದ ಟೇಪು ಹಿಡಿದು ಎರಡು ಕಡೆ ನಾಲ್ಕೂವರೆ ಅಡಿ ಅಳೆದು ಇಂಟು ಹಾಕಿದರು. ಅಳತೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಡ್ರಿಲ್ಲು ಪಕ್ಕದ ಮನೆಯ ರಿಟೈರ್ಡ್ ಮೆಕ್ಯಾನಿಕ್ಕಿನದು. ಅವರು ಅದನ್ನು ಯಾರಿಗೂ ಕೊಡುವವರಲ್ಲ, ತಾವೇ ಅದರ ಜೊತೆ ಬರುವವರು. ಬಂದು ವೈರು ಬಿಡಿಸುತ್ತ ಕೂತರು. ಗುರುತು ಹಾಕಿದ್ದೇನೆ, ಸ್ವಲ್ಪ ಮಕ್ಕಳ ಕಡೆ ಕಣ್ಣಿಟ್ಟಿರಿ ಎಂದು ಹೇಳಿ ಮಹಾಶಯರು ಮೂಲೆ ಅಂಗಡಿಗೆ ಸ್ಕ್ರೂ ತರಲು ಹೋದರು.

ಹಿಂದಿರುಗಿದಾಗ ಗೋಡೆ ಜರಡಿಯಾಗಿತ್ತು. ಅವರ ಎರಡು ತೂತಿನ ಕೆಳಗೆ, ಮಕ್ಕಳಿಗೆ ಎಟುಕುವ ಎತ್ತರದಲ್ಲಿ, ಇನ್ನೂ ಹನ್ನೆರಡು.

"ಗುರುತು ಇದ್ದ ಕಡೆ ತೂತು ಹಾಕೋದು ನನ್ನ ಕೆಲಸ ಸಾರ್," ಎಂದರು ಮೆಕ್ಯಾನಿಕ್, ಡ್ರಿಲ್ಲನ್ನು ಒರೆಸುತ್ತ. "ಫ್ಯಾಕ್ಟರೀಲಿ ಮೂವತ್ತು ವರ್ಷ ಯಾಕೆ ಅಂತ ಒಂದು ದಿನ ಕೇಳಿದೋನಲ್ಲ."

ಮಹಾಶಯರು ಬೈಯಬೇಕೆಂದು ಮಕ್ಕಳತ್ತ ತಿರುಗಿದರೆ, ತಲೆತುಂಬ ಗೋಡೆಯ ಪುಡಿ ಹೊತ್ತು, ಚಿಕ್ಕವನೂ ಕಿವಿಗೊಂದು ಕ್ರೇಯಾನ್ ಸಿಕ್ಕಿಸಿಕೊಂಡು, ಇಬ್ಬರೂ ಶಭಾಸ್‌ಗಿರಿಗೆ ಕಾಯುತ್ತಿದ್ದರು. ಬೈಯುವುದು ಮರೆತೇ ಹೋಯಿತು. ಥೇಟ್ ನನ್ನ ಹಾಗೇ ಎಂದು ಒಳಗೊಳಗೇ ಹಿಗ್ಗಾಯಿತು.

ಸದ್ದು ಕೇಳಿ ಮಹಡಿಯ ಮನೆಯಾಕೆ ಇಳಿದು ಬಂದು ತೂತಿಗೆ ಟೂತ್‌ಪೇಸ್ಟ್ ತುಂಬಿಸಿ ಎಂದಳು. ಎದುರುಮನೆಯ ದರ್ಜಿ, ಬೇಡ, ಸಾಬೂನು ತುಂಬಿ ಎಂದ. ಅದೇ ಚರ್ಚೆಯಲ್ಲಿ ನಾಲ್ಕು ಗಂಟೆಯಾಯಿತು. ಕೊನೆಗೆ ಮಹಾಶಯರು ಅಚ್ಚುಮನೆಯಿಂದ ತಂದಿದ್ದ ದೊಡ್ಡ ಭೂಪಟವೊಂದನ್ನು ಮಕ್ಕಳ ತೂತುಗಳ ಮೇಲೆ ಅಂಟಿಸಿ, ಮೇಲಿನ ತಮ್ಮ ತೂತುಗಳಿಗೆ ಹಲಗೆ ಕೂರಿಸಿ, ಪುಸ್ತಕ ಜೋಡಿಸಿ, ಬೆವರು ಒರೆಸಿಕೊಂಡರು.

ಹೆಂಡತಿ ಬಂದಳು. ಹಲಗೆಯನ್ನು ನೋಡಿ, ಪರವಾಗಿಲ್ವೇ ಎಂದಳು. ಮಹಾಶಯರು ನೆಲದಿಂದ ಒಂದು ಗೇಣು ಮೇಲೆದ್ದರು. ಮಗನಿಗೆಂದು ತಂದಿದ್ದ ಚೆಂಡನ್ನು ಆಕೆ ಪುಸ್ತಕಗಳ ಮುಂದೆ ಇಟ್ಟಳು. ಚೆಂಡು ಹಲಗೆಯ ಉದ್ದಕ್ಕೂ ಉರುಳಿ ಆ ತುದಿಯಿಂದ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಮೂಲೆ ಸೇರಿತ್ತು.

"ನೆಲದಿಂದ ಅಳೆದ್ರಾ? ನೀರು ಬಚ್ಚಲಿಗೆ ಹರೀಲಿ ಅಂತ ನೆಲಾನೇ ಇಳಿಜಾರು ಮಾಡಿದಾರಲ್ರೀ."

ಅಷ್ಟರಲ್ಲಿ ಚಿಕ್ಕವನು ಭೂಪಟವನ್ನು ಕಿತ್ತು, ನಮ್ದೂ ನೋಡಮ್ಮ ಎಂದ. ಮಹಾಶಯರು ಕಣ್ಣು ಮುಚ್ಚಿಕೊಂಡರು.

"ಗುಳ್ಳೆ ಮಧ್ಯ ನಿಂತ ಕಡೆ ಮಾತ್ರ ಇಂಟು ಹಾಕಿದ್ವಿ," ಎಂದಳು ಮಗಳು. "ಅಪ್ಪ ಹಾಗೇ ಹೇಳ್ಕೊಟ್ಟಿದ್ದು."

ಹೆಂಡತಿ ಆರೂ ಜೋಡಿ ತೂತುಗಳ ಮೇಲೆ ರಸಮಟ್ಟ ಇಟ್ಟು ನೋಡಿದಳು. ಆರರಲ್ಲೂ ಗುಳ್ಳೆ ಅಲ್ಲಾಡದೆ ಮಧ್ಯದಲ್ಲಿ ನಿಂತಿತು. ಮೆಕ್ಯಾನಿಕ್ಕನ್ನು ಕರೆಸಿ ಹಲಗೆಯನ್ನು ಕೆಳಕ್ಕೆ, ಮಕ್ಕಳ ತೂತಿಗೇ ಇಳಿಸಿದ್ದಾಯಿತು. ಚೆಂಡು ಇಟ್ಟಲ್ಲೇ ಕೂತಿತು. ಮಹಾಶಯರಿಗೆ ಮೊಳೆ ನಿಷೇಧವೂ ಜಾರಿಯಾಯಿತು. ಅವರಿಗೆ ಅದು ಕೇಳಿಸಲೇ ಇಲ್ಲ; ಒಂದು ಸಲ ಹೇಳಿಕೊಟ್ಟದ್ದಕ್ಕೆ ನನ್ನ ಮಕ್ಕಳು ಹೇಗೆ ಮಾಡಿದ್ದಾರೆ ನೋಡಿ ಎಂದು ಮೆಕ್ಯಾನಿಕ್ಕಿಗೆ ಮೂರನೆಯ ಸಲ ಹೇಳುತ್ತಿದ್ದರು.

ಸುದ್ದಿ ಮಹಡಿ ಹತ್ತಿತು. ಮೇಲಿನ ಮನೆಯಾಕೆ ಬಾಗಿಲಿಗೆ ಬಂದು, ನಮ್ಮ ಅಡುಗೆಮನೆಗೂ ಒಂದು ಹಲಗೆ ಬೇಕಿತ್ತು, ಗುರುತು ಹಾಕಿಕೊಡಬೇಕಲ್ಲ ಎಂದಳು. ಮಹಾಶಯರು ತಲೆ ಬಾಚಿಕೊಂಡು ಹೊರಬಂದರು.

"ನೀವಲ್ಲ ಸಾರ್. ಮಗಳನ್ನ ಕಳಿಸಿ."

ಮಗಳು ಮುಂದೆ, ರಸಮಟ್ಟ ಹೊತ್ತ ತಮ್ಮ ಹಿಂದೆ, ಅವನ ಹಿಂದೆ ಸ್ಟೂಲು ಹೊತ್ತ ಅಪ್ಪ. ಮೆಟ್ಟಿಲಲ್ಲಿ ಎದುರಾದ ದರ್ಜಿಯನ್ನು ನಿಲ್ಲಿಸಿ, ನಮ್ಮ ಮಗಳು, ಕೆಲಸಕ್ಕೆ ಕರೆ ಬಂದಿದೆ ಎಂದು ಹೇಳಿಯೇ ಅವರು ಮುಂದೆ ಹೋದದ್ದು. ಅಡುಗೆಮನೆಯಲ್ಲಿ ಅಭ್ಯಾಸಬಲದಿಂದ ಟೇಪು ತೆಗೆದು ಗೋಡೆಯತ್ತ ಕೈಚಾಚಿದರು.

ಮಗಳು ಸ್ಟೂಲಿನ ಮೇಲಿಂದ ಅಮ್ಮನದೇ ಧ್ವನಿಯಲ್ಲಿ ಹೇಳಿದಳು: "ಅಪ್ಪಾ, ನೀನು ಗೋಡೆ ಮುಟ್ಬೇಡ. ಸ್ಟೂಲ್ ಹಿಡ್ಕೋ."