ನಿಂತೇ ಹೊಡೆದ ನಲವತ್ತು

ಸೋರೆಕಾಯಿ ಎತ್ತಿದರೆ ಸೊಸೈಟಿಯವರು ಬೈಯುತ್ತಾರೆ, ಮಾತ್ರೆ ನುಂಗಿದರೆ ಕ್ಲಬ್ಬಿನವರು ಬೈಯುತ್ತಾರೆ, ಸುಮ್ಮನೆ ನಿಂತರೂ ಹೆಂಡತಿ ಬೈಯುತ್ತಾಳೆ. ಯಾರು ಹೇಳಿ?

ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ಬರುವುದಿಲ್ಲ. ಉತ್ತರ ನನ್ನ ಮಾಮ, ಅಮ್ಮನ ಅಣ್ಣ. ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳ ನಡುವೆ ಕ್ಯಾಂಟೀನು, ವರ್ತಕ ನಗರದಲ್ಲಿ ಮನೆ. ಭಾನುವಾರವಾದರೆ ರಬಾಳೆಯ ಶೂಟಿಂಗ್ ಕ್ಲಬ್ಬಿನ ಶೆಡ್ಡಿನಲ್ಲಿ ಏರ್ ರೈಫಲ್ ಹಿಡಿದು, ಹತ್ತು ಮೀಟರ್ ದೂರದ ಕಾರ್ಡಿಗೆ ಗುರಿ ಇಡುವ ಹುಚ್ಚು. ಹತ್ತನೇ ಕ್ಲಾಸಿಗೆ ಎರಡು ಸಲ ಕೂತು ಎರಡು ಸಲವೂ ಹಾಗೇ ಎದ್ದು ಬಂದ ನಾನು ಅವರ ಮನೆಯಲ್ಲೇ ಇದ್ದೇನೆ. ಆದ್ದರಿಂದ ಇಂಥವೆಲ್ಲ ವಾರಕ್ಕೊಂದರಂತೆ ನನ್ನ ಕಣ್ಣೆದುರೇ ನಡೆಯುತ್ತವೆ. ಅರ್ಧಕ್ಕೆ ನಾನೇ ಕಾರಣ ಎಂದು ಮಾಮಿ ಹೇಳುತ್ತಾರೆ, ನಂಬಬೇಡಿ.

ಹೋದ ವರ್ಷ ಮಾಮನಿಗೆ ಹಾರ್ಟ್ ಅಟ್ಯಾಕ್ ಆಗಿ ಬೈಪಾಸ್ ಮಾಡಿದರು. ಆಪರೇಷನ್ ಆಗಿ ಕಣ್ಣು ಬಿಟ್ಟವರೇ ಮಾಮಿಯನ್ನು ನೋಡಿ ಕೇಳಿದ್ದು, "ರೈಫಲಿಗೆ ಎಣ್ಣೆ ಹಾಕಿದ್ದೀಯಾ?"

ಮಾಮಿ ಅಳುತ್ತಾ ಇದ್ದವರು ಫಟ್ಟನೆ ನಿಲ್ಲಿಸಿದರು. "ನಿಮಗೆ ಮಂಡೆ ಸಮ ಉಂಟಾ? ಕೇಳಿ, ಕ್ಲಬ್ಬಿನ ವಾರ್ಷಿಕ ಪಂದ್ಯದಲ್ಲಿ ಮೊದಲಿನ ಹಾಗೆ ನಲವತ್ತು ಗುಂಡನ್ನೂ ನಿಂತೇ ಹೊಡೆದರೆ ರೈಫಲ್ ಮನೆಯಲ್ಲಿ ಇರಲಿ. ನಡುವೆ ಒಂದು ಸಲ ಕೂತರೂ ಅದು ಕ್ಲಬ್ಬಿಗೆ ದಾನ."

ಮೂಗಿನಲ್ಲಿ ನಳಿಗೆ ಇಟ್ಟುಕೊಂಡೇ ಮಾಮ, "ಆಯ್ತು" ಎಂದರು.

೧. ಎರಡು ಕಿಲೋದ ಬಂದೂಕು

ಎದೆಮೂಳೆ ಕೂಡುವವರೆಗೆ ಎರಡು ಕಿಲೋಗಿಂತ ಹೆಚ್ಚು ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ರೈಫಲು ನಾಲ್ಕೂವರೆ ಕಿಲೋ. ಅದನ್ನು ಮಾಮಿ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮಾಮ ನನ್ನನ್ನು ತರಕಾರಿ ಅಂಗಡಿಗೆ ಕಳಿಸಿದರು. "ಉದ್ದದ ಸೋರೆಕಾಯಿ ತಾ. ತೂಗಿಸಿ ತಾ. ಎರಡು ಕಿಲೋದ ಒಳಗೆ."

ಆಮೇಲೆ ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು, ಸೋರೆಕಾಯಿಗೆ ಕೆನ್ನೆ ಒತ್ತಿ, ಎದುರಿನ ಬಿ ವಿಂಗಿನ ನೀರಿನ ಟ್ಯಾಂಕಿಗೆ ಗುರಿ. ಮೊದಲ ದಿನ ಅರ್ಧ ನಿಮಿಷಕ್ಕೆ ಕೈ ನಡುಗಿತು. ಹದಿನೈದನೇ ದಿನಕ್ಕೆ ಮಾಮನೂ ಸೋರೆಕಾಯಿಯೂ ಕಲ್ಲಿನ ಹಾಗೆ.

ಆವತ್ತು ಎದುರು ಬಾಲ್ಕನಿಗೆ ಮರಾಠಿ ಅಜ್ಜ ಒಬ್ಬರು ಹಲ್ಲುಜ್ಜುತ್ತಾ ಬಂದರು. ನಾನು ಪರದೆಯ ಹಿಂದೆ ಇದ್ದೆ. ಕೈ ಸುಮ್ಮನಿರಲಿಲ್ಲ. ಚಿಪ್ಸ್ ಪ್ಯಾಕೆಟಿಗೆ ಗಾಳಿ ಊದಿ, "ಠೋ!"

ಮಾಮ ಅಲುಗಲಿಲ್ಲ. ಅಜ್ಜ ಬ್ರಶ್ ಸಮೇತ ನೆಲಕ್ಕೆ ಅಂಗಾತ ಬಿದ್ದು "ಗೋಳಿ! ಗೋಳಿ!" ಎಂದು, ಗುಂಡು ತಗಲಿದವರ ಹಾಗೆ ಕೂಗಿದರು. ಮಾಮಿ ಲಟ್ಟಣಿಗೆ ಹಿಡಿದುಕೊಂಡು ನನ್ನನ್ನು ಇಡೀ ಮನೆ ಓಡಿಸಿದರು.

ಸಂಜೆ ಲಿಫ್ಟಿನ ಪಕ್ಕ ಹೌಸಿಂಗ್ ಸೊಸೈಟಿಯ ನೋಟಿಸು ಬಿತ್ತು: "ಒಂದು ವಿಂಗಿನ ಸದಸ್ಯರು ಇನ್ನೊಂದು ವಿಂಗಿನ ಕಡೆಗೆ ಯಾವುದೇ ತರಕಾರಿಯನ್ನು ಗುರಿ ಇಡತಕ್ಕದ್ದಲ್ಲ."

೨. ಓಡುವುದು ಯಾರು

ಮೂರು ತಿಂಗಳಾದ ಮೇಲೆ ಪರ್ಮಿಶನ್ ಕೇಳಲು ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಕಲ್ಯಾಣದವರು. ಪಾಪ, ತುಂಬಾ ಮೆತ್ತಗೆ ಮಾತಾಡುತ್ತಾರೆ.

"ವಾಕಿಂಗ್ ಮಾಡಿ, ಯೋಗ ಮಾಡಿ. ಈ ವಯಸ್ಸಲ್ಲಿ ಶೂಟಿಂಗ್ ಯಾಕೆ?"

ಮಾಮ ಎದ್ದು ನಿಂತು ತೋರಿಸಿಯೇ ಬಿಟ್ಟರು. "ನೋಡಿ ಡಾಕ್ಟ್ರೇ, ಹೀಗೆ ನಿಲ್ಲುವುದು. ಉಸಿರು ಬಿಡುವುದು. ಎರಡು ಬಡಿತದ ನಡುವೆ ಒಂದು ಬೆರಳು ಮಾತ್ರ ಅಲುಗಿಸುವುದು. ಇದರಲ್ಲಿ ಓಡುವುದು ಛರ್ರಾ ಗುಂಡು ಒಂದೇ."

ಡಾಕ್ಟರು ನಕ್ಕು, ಇಸಿಜಿ ನೋಡಿ, ಸ್ವಲ್ಪ ಸ್ವಲ್ಪವಾಗಿ ಶುರು ಮಾಡಿ ಎಂದು ಬರೆದುಕೊಟ್ಟರು. ಮಾಮಿ ಕೊನೆಯ ಆಸೆಯಿಂದ ಕೇಳಿದರು, "ಡಾಕ್ಟ್ರೇ, ಇವರು ಟೆನ್ಶನ್ ಮಾಡಿಕೊಳ್ಳಬಾರದಲ್ಲ?"

"ಇಲ್ಲಮ್ಮ, ಖಂಡಿತ ಮಾಡಿಕೊಳ್ಳಬಾರದು."

ಮಾಮ ಅಂದರು, "ಕೇಳಿದೆಯಲ್ಲ? ಕೀಲಿ ಕೊಡು."

೩. ಮಾತ್ರೆ

ಪಂದ್ಯದ ಫಾರಂ ತುಂಬುವಾಗ "ಯಾವ ಔಷಧಿ ತೆಗೆದುಕೊಳ್ಳುತ್ತೀರಿ" ಎಂಬ ಜಾಗದಲ್ಲಿ ಮಾಮ ಪ್ರಾಮಾಣಿಕವಾಗಿ ಎಲ್ಲ ಬರೆದರು. ಕ್ಲಬ್ಬಿನ ಕೋಚ್ ಓದುತ್ತಾ ಒಂದು ಹೆಸರಿನ ಹತ್ತಿರ ನಿಂತುಬಿಟ್ಟರು.

"ಅಣ್ಣಾ, ಏ ತೋ ಬ್ಯಾನ್ ಹೈ."

ಎದೆಬಡಿತ ನಿಧಾನ ಮಾಡುವ ಮಾತ್ರೆ ಅದು. ಬಡಿತ ನಿಧಾನವಾದರೆ ಕೈ ನಡುಗುವುದಿಲ್ಲ. ಕೈ ನಡುಗದಿದ್ದರೆ ಗುರಿ ತಪ್ಪುವುದಿಲ್ಲ. ಹಾಗಾಗಿ ಶೂಟಿಂಗಿನಲ್ಲಿ ಅದು ಮೋಸವಂತೆ.

ಮಾಮ ಕೆಂಪಾದರು. "ಮಾರಾಯ್ರೇ, ಅದು ಪದಕಕ್ಕಲ್ಲ, ಜೀವಕ್ಕೆ!"

ಡೊಂಬಿವಲಿಯಿಂದ ಬರುವ ಅಂಕಲ್ ಒಬ್ಬರು, ಹತ್ತು ವರ್ಷದಿಂದ ಮಾಮನ ಪಕ್ಕದ ಸಾಲಿನಲ್ಲೇ ಹೊಡೆಯುವವರು, ಕುತ್ತಿಗೆ ಚಾಚಿದರು. "ಅಂದರೆ ಬೈಪಾಸ್ ಮಾಡಿಸಿಕೊಂಡದ್ದರಿಂದ ಇವರಿಗೆ ಅಡ್ವಾಂಟೇಜು!"

ನಾನು ಹೇಳಿದೆ, "ಅಂಕಲ್, ನೀವೂ ಮಾಡಿಸಿಕೊಳ್ಳಿ. ಡಾಕ್ಟ್ರು ನಿಮ್ಮ ಪಕ್ಕದ ಕಲ್ಯಾಣದಲ್ಲೇ ಇದ್ದಾರೆ."

ಕೋಚ್ ಕೊನೆಗೆ ತೀರ್ಮಾನ ಕೊಟ್ಟರು: ಹೊಡೆಯಬಹುದು, ಬಹುಮಾನಕ್ಕೆ ಹೆಸರು ಇಲ್ಲ. ಮಾಮ ಸಹಿ ಹಾಕಿದರು. "ಬಹುಮಾನ ಯಾರಿಗೆ ಬೇಕು? ನನಗೆ ನಿಲ್ಲಲಿಕ್ಕೆ ಜಾಗ ಕೊಡಿ."

ಡೊಂಬಿವಲಿ ಅಂಕಲ್ ಮೆಲ್ಲಗೆ ನನ್ನ ಹತ್ತಿರ ಬಂದು ಕೇಳಿದರು, "ಆ ಮಾತ್ರೆ ಊಟಕ್ಕೆ ಮುಂಚೆಯಾ, ಆಮೇಲೆಯಾ?"

೪. ನಲವತ್ತನೆಯದು

ಪಂದ್ಯದ ದಿನ ಮಾಮಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಸರಿಯಾಗಿ ಮಾಮನ ಬೆನ್ನ ಹಿಂದೆ ಇಟ್ಟರು. "ಕೂತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಕುರ್ಚಿ ಉಂಟು, ಅಷ್ಟೆ."

ಇಪ್ಪತ್ತರವರೆಗೆ ಮಾಮ ಚೆನ್ನಾಗಿದ್ದರು. ಮೂವತ್ತಕ್ಕೆ ಅಂಗಿ ಬೆನ್ನಿಗೆ ಅಂಟಿತು. ಮೂವತ್ತೆರಡಕ್ಕೆ ರೈಫಲನ್ನು ಸ್ಟ್ಯಾಂಡಿನ ಮೇಲಿಟ್ಟು, ಹಿಂದೆ ತಿರುಗಿ ಕುರ್ಚಿಯನ್ನು ನೋಡಿದರು. ಆ ನೋಟ ನನಗೆ ಸರಿ ಕಾಣಲಿಲ್ಲ. ಹೋಗಿ ಕುರ್ಚಿಯಲ್ಲಿ ನಾನೇ ಕೂತೆ, ಕಾಲ ಮೇಲೆ ಕಾಲು ಹಾಕಿ.

"ಏಳು ಮಂಗ! ಮಾಮನಿಗೆ ಇಟ್ಟದ್ದು," ಎಂದು ಮಾಮಿ ಪಿಸುಗುಟ್ಟಿದರು.

"ಮಾಮ ಕೂತುಕೊಳ್ಳುವುದಿಲ್ಲವಲ್ಲ ಮಾಮಿ. ಖಾಲಿ ಯಾಕೆ ಬಿಡುವುದು?"

ಮಾಮ ನನ್ನನ್ನು ನೋಡಿದರು, ನೀರು ಕುಡಿದರು, ನಾಡಿ ಹಿಡಿದು ನೋಡಿಕೊಂಡರು. ಮತ್ತೆ ತಿರುಗಿ ನಿಂತರು. ಮೂವತ್ತಮೂರು. ಮೂವತ್ತನಾಲ್ಕು. ಮಾಮಿ ನನ್ನ ಭುಜ ಹಿಡಿದದ್ದು ಒಂದೊಂದು ಗುಂಡಿಗೂ ಬಿಗಿಯಾಗುತ್ತಿತ್ತು. ಮೂವತ್ತೊಂಬತ್ತು.

ನಲವತ್ತನೆಯದಕ್ಕೆ ಮಾಮ ತುಂಬಾ ಹೊತ್ತು ಕಾದರು. ಟಪ್. ತಂತಿಯ ಮೇಲೆ ಜಾರಿಕೊಂಡು ಕಾರ್ಡು ಹತ್ತಿರ ಬಂತು. ನಟ್ಟನಡುವೆ ತೂತು. ಹತ್ತಕ್ಕೆ ಹತ್ತು! ಇಡೀ ಶೆಡ್ಡು ಚಪ್ಪಾಳೆ ಹೊಡೆಯಿತು, ಕೋಚ್ ಮಾಮನನ್ನು ಎತ್ತಿಕೊಂಡರು, ಮಾಮಿ ಸಿಳ್ಳೆ ಹಾಕಿದರು.

ಆಯ್ತಪ್ಪ, ಒಪ್ಪಿಕೊಳ್ಳುತ್ತೇನೆ. ಈ ಕೊನೆ ನಾನು ಕಟ್ಟಿದ್ದು. ಮಾಮಿಗೆ ಸಿಳ್ಳೆ ಹಾಕಲು ಬರುವುದೇ ಇಲ್ಲ. ಮಾಮ ನಲವತ್ತೂ ನಿಂತೇ ಹೊಡೆದದ್ದು ನಿಜ, ರೈಫಲ್ ಮನೆಗೆ ವಾಪಸು ಬಂದದ್ದು ನಿಜ, ಕೊನೆಯದು ನಟ್ಟನಡುವೆ ಹತ್ತಕ್ಕೆ ಬಿದ್ದದ್ದೂ ದೇವರಾಣೆ ನಿಜ. ಬಿದ್ದದ್ದು ಮಾತ್ರ ಡೊಂಬಿವಲಿ ಅಂಕಲಿನ ಕಾರ್ಡಿಗೆ. ಆವತ್ತಿಡೀ ಅವರ ಕಾರ್ಡಿನಲ್ಲಿ ಬಿದ್ದ ಹತ್ತು ಅದೊಂದೇ.

ಅಂಕಲ್ ಬಂದು ಮಾಮನ ಕೈ ಗಟ್ಟಿಯಾಗಿ ಹಿಡಿದು ಹೇಳಿದರು, "ಮುಂದಿನ ವರ್ಷವೂ ನನ್ನ ಪಕ್ಕದಲ್ಲೇ ನಿಲ್ಲಿ."