ಪಾಪಕುರಾಕ್ಕೆ ಹೊರಟ ಇಪ್ಪತ್ತೆರಡು ಜೇಡಗಳು

ಮಹಾಜನಗಳೇ, ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸುವ ಗಂಡು ದಕ್ಷಿಣ ಆಕ್ಲೆಂಡಿನಲ್ಲಿ ಇನ್ನೂ ಹುಟ್ಟಿಲ್ಲ! ಈಸ್ಟ್ ತಮಾಕಿಯ ಸರಕು ಸಾಗಣೆ ಆಫೀಸಿನಲ್ಲಿ ಹದಿನಾಲ್ಕು ವರ್ಷ ಕೂತು, ಉಣ್ಣೆ, ಬೆಣ್ಣೆ, ಕಿವಿಹಣ್ಣುಗಳನ್ನು ಕಾಗದದ ಮೇಲೆ ಸಪ್ತಸಾಗರ ದಾಟಿಸಿದ ವಾಸುದೇವ್ ನಾನು. ಹೀಗಾಗಿ ಹೆಂಡತಿಯ ತಮ್ಮ ಲೋಹಿತ್ ಬ್ರಿಸ್ಬೇನಿನಿಂದ ಫೋನ್ ಮಾಡಿ, "ಭಾವ, ಒಂದು ಸಹಾಯ ಆಗ್ಬೇಕಿತ್ತು" ಎಂದಾಗ ನನ್ನ ಎದೆ ಎರಡಿಂಚು ಉಬ್ಬಿತು.

ಲೋಹಿತ್ ಟರಾಂಟುಲಾ ಸಾಕುತ್ತಾನೆ. ಅಂಗೈ ಅಗಲದ, ಮೈತುಂಬ ಕೂದಲಿರುವ ಆಸ್ಟ್ರೇಲಿಯಾದ ಜೇಡ! ಓದಲು ಹೋದವನು ಟ್ರಕ್ ಓಡಿಸುತ್ತ ಅಲ್ಲೇ ನಿಂತ. ಮದುವೆ ಮಾಡಿಕೋ ಎಂದರೆ, "ಮನೇಲಿ ಜಾಗ ಇಲ್ಲ ಭಾವ" ಎನ್ನುತ್ತಾನೆ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಅವನು ಮಾತ್ರ ಸದ್ದಿಲ್ಲದೆ ಎರಡು ವರ್ಷ ಸರ್ಕಾರಕ್ಕೆ ಅರ್ಜಿ ಬರೆದು, ತನ್ನ ಮನೆಯಲ್ಲೇ ಹುಟ್ಟಿದ ಮರಿಗಳನ್ನು ಹೊರದೇಶದ ಹವ್ಯಾಸಿಗಳಿಗೆ ಕಳಿಸಲು ಪರವಾನಗಿ ಪಡೆದಿದ್ದ. ಮೊದಲ ರವಾನೆ ಇಪ್ಪತ್ತೆರಡು ಮರಿ, ಜರ್ಮನಿಯ ಪಾಸಾವ್ ಎಂಬ ಊರಿಗೆ. ಸಾಗಣೆಯ ಕಾಗದ ನಾನು ತುಂಬಬೇಕಿತ್ತು.

"ನನ್ನ ತಮ್ಮ ಯಾರ ಹತ್ರಾನೂ ಏನೂ ಕೇಳಿದವನಲ್ಲ ರೀ," ಎಂದಳು ಶ್ರೀರಕ್ಷಾ. "ಎರಡು ಸಲ ಓದಿ ಕಳಿಸಿ."

"ಹದಿನಾಲ್ಕು ವರ್ಷದ ಕಣ್ಣು ಕಣೇ ಇದು! ಒಂದು ಸಲ ಓದಿದ್ರೇ ಜಾಸ್ತಿ!"

ಒಂದು ಸಲವೂ ಓದಲಿಲ್ಲ. ಒಂದು ಕೈಯಲ್ಲಿ ಕಾಫಿ, ಒಂದು ಕಣ್ಣು ಕ್ರಿಕೆಟ್ಟಿನ ಮೇಲೆ. ಊರಿನ ಹೆಸರಿಗೆ 'ಪಾ' ಎಂದು ಒತ್ತಿದೆನೋ ಇಲ್ಲವೋ, ನನ್ನ ವಿಧೇಯ ಕಂಪ್ಯೂಟರ್ ಉಳಿದದ್ದನ್ನೆಲ್ಲ ತಾನೇ ತುಂಬಿಕೊಂಡಿತು. ಕಳಿಸಿದೆ, ಮೀಸೆ ತಿರುವಿದೆ.

ರವಾನೆಯ ದಿನ ಶನಿವಾರ. ನಮ್ಮ ಮನೆಗೆ ತಿಪ್ಪೇಸ್ವಾಮಿ ಅಂಕಲ್ ಊಟಕ್ಕೆ ಬಂದಿದ್ದರು. ದಾವಣಗೆರೆ ಕಡೆಯವರು, ಆರಡಿ ಆಳು, ಕಂಚಿನ ಕಂಠ. ನನ್ನ ಕೈಯಲ್ಲಿ ಮೊಸರನ್ನವಿದ್ದಾಗ ಫೋನ್ ಬಡಿದುಕೊಂಡಿತು. ಮಗಳು ನಿಧಿ ಸ್ಪೀಕರ್ ಒತ್ತಿದಳು.

"ಕಿಯಾ ಓರಾ! ಹೊರಗಿನ ಜೀವಿಗಳನ್ನ ತಡೆಯೋ ಬಯೋಸೆಕ್ಯುರಿಟಿ ಇಲಾಖೆಯಿಂದ ಅರೋಹಾ ಮಾತಾಡ್ತಿದೀನಿ. ನಿಮ್ಮ ಪಾಪಕುರಾ ಮನೆ ವಿಳಾಸಕ್ಕೆ ಇಪ್ಪತ್ತೆರಡು ಜೀವಂತ ಟರಾಂಟುಲಾ ಹೊರಟಿವೆ ಅಂತ ಮುಂಗಡ ಸೂಚನೆ ಬಂದಿದೆ. ಹೌದಾ?"

ಕೈಯ ಮೊಸರನ್ನ ಎಲೆಗೆ ಬಿತ್ತು. ಆರಡಿಯ ಅಂಕಲ್ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಪದ್ಮಾಸನ ಹಾಕಿದರು! "ಏನಪಾ ಇದು ವಾಸುದೇವ್? ಉಣ್ಣಾಕ ಕರದೀಯೋ, ಕಚ್ಚಿಸಾಕ ಕರದೀಯೋ?"

"ಕೂಲ್!" ಎಂದಳು ನಿಧಿ.

ಶ್ರೀರಕ್ಷಾ ಲ್ಯಾಪ್‌ಟಾಪ್ ತಂದು ನನ್ನ ಎಲೆಯ ಪಕ್ಕದಲ್ಲಿಟ್ಟಳು. ಪಾಸಾವ್ ಇರಬೇಕಾದ ಜಾಗದಲ್ಲಿ ಪಾಪಕುರಾ! ಪಾಪ ನನ್ನದು, ಕುರಾ ಕಂಪ್ಯೂಟರಿನದು!

ಅಷ್ಟರಲ್ಲಿ ಅಂಕಲ್ ತುದಿಗಾಲಲ್ಲಿ ತಮ್ಮ ಯೂಟ್ ಗಾಡಿ ಸೇರಿ, ಗಾಜು ಏರಿಸಿ, ಕನ್ನಡ ಬಳಗದ ವಾಟ್ಸಾಪಿಗೆ ಸುದ್ದಿ ಬಿಟ್ಟಿದ್ದರು. ಐದು ನಿಮಿಷದಲ್ಲಿ ಇಪ್ಪತ್ತೆರಡು ಇನ್ನೂರಿಪ್ಪತ್ತಾಯಿತು. ಹತ್ತು ನಿಮಿಷದಲ್ಲಿ ಅವು ನಮ್ಮ ಅಡುಗೆಮನೆಯಿಂದ ತಪ್ಪಿಸಿಕೊಂಡು ರೈಲ್ವೆ ಸ್ಟೇಷನ್ ಕಡೆ ನಡೆದಿದ್ದವು! "ನಿಮ್ಮನೇಲಿ ಎಲ್ಲಾ ಆರಾಮಾ?" ಎಂದು ಅಪ್ಪರ್ ಹಟ್ಟಿನಿಂದ ಒಬ್ಬರು ಕೇಳಿದರು. ಆರುನೂರು ಕಿಲೋಮೀಟರ್ ದೂರದ ಅವರೂ ಬಾಗಿಲು ಹಾಕಿಕೊಂಡಿದ್ದರಂತೆ.

ನಗು ಬರಬೇಕಿತ್ತು. ಬರಲಿಲ್ಲ. ಜರ್ಮನಿಯ ವಿಮಾನ ಆ ಸಂಜೆ ಎಂಟೂಕಾಲಿಗೆ. ಪ್ರಯಾಣಿಕರಿಗೂ ತಲಾ ಎಂಟೇ ಕಾಲು! ಆದರೆ ಕಾಗದ ಒಪ್ಪಿಸಲು ಬ್ರಿಸ್ಬೇನಿನಲ್ಲಿ ಮಧ್ಯಾಹ್ನ ಒಂದು ಗಂಟೆಯೇ ಕೊನೆ. ಇನ್ನು ಐವತ್ತು ನಿಮಿಷ. ಮರಿಗಳೋ ಹತ್ತಿಯ ನಡುವೆ ಸಣ್ಣ ಡಬ್ಬಿಗಳಲ್ಲಿ ಆಗಲೇ ಪ್ಯಾಕ್ ಆಗಿವೆ. ವಿಮಾನ ತಪ್ಪಿದರೆ ಇನ್ನೊಂದು ಮುಂದಿನ ವಾರ.

ಲೋಹಿತ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಭಾವ, ಊಟ ಆಯ್ತಾ?"

"ಲೋಹಿತ್, ನಾನು ನಿನ್ನ ಎರಡು ವರ್ಷದ ಕೆಲಸ ಹಾಳು ಮಾಡಿದೀನಿ ಕಣೋ!"

"ಹಾಳೇನಾಗಿಲ್ಲ. ಇವೂ ಗಾಬರಿ ಆದ್ರೆ ಮೂಲೇಲಿ ಮುದುಡ್ಕೊಂಡು ಕೂತ್ಬಿಡ್ತಾವೆ ಭಾವ. ಕೆದಕಬಾರ್ದು. ಐದು ನಿಮಿಷ ಬಿಟ್ರೆ ತಾವೇ ಕಾಲು ಚಾಚ್ತಾವೆ. ನೀವೂ ನೀರು ಕುಡೀರಿ." ಆಮೇಲೆ ಮೆಲ್ಲಗೆ ಸೇರಿಸಿದ: "ಇವುಗಳ ತಾಯಿ ಮೊಟ್ಟೆಚೀಲ ಅಪ್ಪಿಕೊಂಡು ವಾರಗಟ್ಟಲೆ ಏನೂ ತಿನ್ಲಿಲ್ಲ. ನಾನೂ ರಜಾ ಹಾಕಿ ಪಕ್ಕದಲ್ಲೇ ಕೂತಿದ್ದೆ. ಅಕ್ಕಂಗೆ ಹೇಳಿರ್ಲಿಲ್ಲ, ನಗ್ತೀರ ಅಂತ."

ಶ್ರೀರಕ್ಷಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕನ್ನಡಕ ಮಂಜಾಯಿತು.

ನೀರು ಕುಡಿದೆ. ಕಾಲು ಚಾಚಿದೆ. ಕೂತೆ. ಶ್ರೀರಕ್ಷಾ ಪರವಾನಗಿ ಹಿಡಿದು ಒಂದೊಂದೇ ಅಕ್ಷರ ಓದಿದಳು, ನಾನು ಒಂದೊಂದೇ ಅಕ್ಷರ ಒತ್ತಿದೆ, ನಿಧಿ ಬೆರಳಿಟ್ಟು ಮೂರನೆಯ ಸಲ ನೋಡಿದಳು. ಅರೋಹಾ ಪುಣ್ಯಾತ್ಗಿತ್ತಿ ಇಲ್ಲಿನ ಸೂಚನೆ ರದ್ದುಮಾಡಿ, "ನಿಮ್ಮ ಭಾವಮೈದುನನಿಗೆ ನನ್ನ ಶುಭಾಶಯ ಹೇಳಿ. ಜೇಡಗಳು ಮಾತ್ರ ನಮ್ಮ ದೇಶಕ್ಕೆ ಬೇಡ!" ಎಂದು ನಕ್ಕಳು. ಅಲ್ಲಿನ ಒಂದು ಗಂಟೆಗೆ ಏಳು ನಿಮಿಷ ಇರುವಾಗ ಬ್ರಿಸ್ಬೇನಿನಿಂದ ಒಪ್ಪಿಗೆ ಬಂತು. ನಾನು ಹೊರಗೆ ಓಡಿ ಯೂಟಿನ ಗಾಜು ತಟ್ಟಿದೆ. ಅಂಕಲ್ ಒಳಗಿಂದಲೇ ಪಾಯಸ ಕೇಳಿದರು.

ನಾಲ್ಕನೆಯ ದಿನ ಪಾಸಾವ್‌ನಿಂದ ಫೋಟೋ ಬಂತು. ಇಪ್ಪತ್ತೆರಡೂ ಕ್ಷೇಮ! ಲೋಹಿತ್ ವಿಡಿಯೋ ಕರೆಯಲ್ಲಿ ಬಂದ. "ಜೇಡ ಎಷ್ಟೇ ಇರ್ಲಿ, ಡಿಸೆಂಬರ್‌ನಲ್ಲಿ ನಿನ್ನ ಮನೇಗೆ ಬರ್ತೀವಿ ಕಣೋ. ನಾವು ಮೂವರೂ," ಎಂದಳು ಶ್ರೀರಕ್ಷಾ.

"ಜಾಗ ಮಾಡ್ತೀನಿ ಅಕ್ಕ," ಎಂದ.

ನನ್ನ ಎದೆ ಮತ್ತೆ ಅರ್ಧ ಇಂಚು ಉಬ್ಬುವುದರಲ್ಲಿತ್ತು. ಆಗ ನಿಧಿ ಸ್ಕೂಲ್ ಕ್ಯಾಂಪಿನ ಫಾರಂ ತಂದಳು. ಎಲ್ಲ ಅವಳೇ ತುಂಬಿದ್ದಳು, ಮುತ್ತಿನಂಥ ಅಕ್ಷರ.

"ನಾನೇ ತುಂಬಿಕೊಡ್ತಿದ್ದೆನಲ್ಲ ಪುಟ್ಟಾ?"

"ಇಟ್ಸ್ ಓಕೆ ಅಪ್ಪಾ. ಅಮ್ಮ ಸೆಡ್ ಯೂ ಓನ್ಲಿ ಸೈನ್."

ಅಷ್ಟಾದರೂ ನಂಬಿಕೆ ಉಳಿದಿದೆಯಲ್ಲ! ಪೆನ್ನು ಕೊಡವಿ, ಗಂಭೀರವಾಗಿ, ಎರಡು ಗೆರೆ ಎಳೆದು ಭರ್ಜರಿ ಸಹಿ ಜಡಿದೆ.

ನಿಧಿ ಫಾರಂ ನೋಡಿದಳು. ನನ್ನ ತಲೆ ಸವರಿದಳು.

"ಅಪ್ಪಾ... ದಟ್ಸ್ ವೇರ್ ದ ಟೀಚರ್ ಸೈನ್ಸ್."