ಕಿವಿಗೆ ಹಿಡಿದ ಕಾಗದ

ತಲೆಮಾರುಗಳ ನಡುವಿನ ಅಂತರವು ಮಾನವಕುಲವನ್ನು ಅನಾದಿಕಾಲದಿಂದ ಕಾಡುತ್ತ ಬಂದಿರುವ ಗಹನವಾದ ಸಮಸ್ಯೆ. ದಾಂಡೇಲಿಯ ನಮ್ಮ ನೋಟ್‌ಬುಕ್ ಕಾರ್ಖಾನೆಯಲ್ಲಿ ಅದು ಈರಪ್ಪನವರ ಸ್ಟೂಲಿನಿಂದ ಪಲ್ಲವಿಯ ಮೇಜಿನವರೆಗೆ, ಸರಿಯಾಗಿ ಏಳು ಅಡಿ ಇದೆ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಮ್ಯಾನೇಜರನಾದವನು ಏನನ್ನಾದರೂ ಅಳೆಯುತ್ತಿರಬೇಕು.

ಹಳಿಯಾಳದ ಕಡೆಯ ಈರಪ್ಪನವರು ನಮ್ಮಲ್ಲಿ ಎಲ್ಲರಿಗಿಂತ ಹಳಬರು. ಬಂದ ಕಾಗದದಿಂದ ಒಂದು ಹಾಳೆ ಎಳೆದು, ಕಿವಿಯ ಬಳಿ ಹಿಡಿದು ಎರಡು ಸಲ ಅಲ್ಲಾಡಿಸಿ, ಅದು ಒಣಗಿದೆಯೋ ಹಸಿಯಿದೆಯೋ ಹೇಳುತ್ತಾರೆ. ಹಸಿ ಕಾಗದಕ್ಕೆ ಗೆರೆ ಹೊಡೆದರೆ ಶಾಯಿ ಹರಡುತ್ತದೆ. ಮುಂಡಗೋಡದ ಪಲ್ಲವಿ ಹೋದ ವರ್ಷ ಡಿಪ್ಲೊಮಾ ಮುಗಿಸಿ ಬಂದವಳು. ಅದೇ ಕೆಲಸಕ್ಕೆ ಅವಳ ಹತ್ತಿರ ಕಾಗದದ ತೇವ ಅಳೆಯುವ ಅಂಗೈಯಗಲದ ಮೀಟರ್ ಇದೆ.

ಮಾಲೀಕರು ಕೇಳಿದರು: "ಒಂದ ಕೆಲಸಕ್ಕ ಇಬ್ರ್ಯಾಕ? ಮೀಟರ್ ಸಾಕಾದ್ರ ಈರಪ್ಪನ್ನ ಗೇಟಿನ್ಯಾಗ ಕುಂದ್ರಸ್ರಿ. ಶನಿವಾರದೊಳಗ ಹೇಳ್ರಿ."

ಸುದ್ದಿ ನನಗಿಂತ ಮೊದಲೇ ಈರಪ್ಪನವರಿಗೆ ಮುಟ್ಟಿತ್ತು. "ಗೇಟ್ ಕಾಯೂದಾದ್ರ ನಮ್ಮನಿ ಬಾಗಿಲಾನ ಕಾಯ್ತೇನಿ, ಸಾಹೇಬ್ರ," ಎಂದರು.

ಇಂಥ ಸಂಕಟಕ್ಕೆಂದೇ ನನ್ನನ್ನು ಹುಬ್ಬಳ್ಳಿಗೆ ಒಂದು ದಿನದ ತರಬೇತಿಗೆ ಕಳಿಸಿದ್ದರು. ಹಿರಿಯರಿಗೂ ಕಿರಿಯರಿಗೂ ನಡುವೆ ನೀವು ಸೇತುವೆಯಾಗಬೇಕು ಎಂದು ಅಲ್ಲಿ ಹೇಳಿಕೊಟ್ಟರು. ಕಾಳಿ ನದಿಯ ಸೇತುವೆಯನ್ನು ದಿನವೂ ನೋಡುವ ನನಗೆ ಒಂದು ವಿಷಯ ಗೊತ್ತು: ಸೇತುವೆಯನ್ನು ಯಾರೂ ಮಾತಾಡಿಸುವುದಿಲ್ಲ, ಸುಮ್ಮನೆ ಮೇಲೆ ನಡೆದು ಹೋಗುತ್ತಾರೆ. ಆದರೂ ಆಗಿಬಿಡೋಣವೆಂದುಕೊಂಡೆ.

ಅಷ್ಟಕ್ಕೂ ಕಾಗದ ಏನು ಹೇಳುತ್ತದೆ? ಕುತೂಹಲ ತಡೆಯಲಾಗದೆ ಎರಡು ಹಾಳೆಗಳನ್ನು ಮನೆಗೊಯ್ದು, ಒಂದನ್ನು ಹಸಿಯಾಗಲೆಂದು ಬಚ್ಚಲ ಬಾಗಿಲಿಗೆ ನೇತುಹಾಕಿ, ಆಮೇಲೆ ಎರಡನ್ನೂ ಸರದಿಯಂತೆ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ, "ಯಾರ ಫೋನ್ ರೀ?" ಎಂದಳು. ನನಗಂತೂ ಎರಡೂ ಹಾಳೆಗಳು ಒಂದೇ ಮಾತು ಹೇಳಿದವು.

ಶುಕ್ರವಾರ ಚಹಾದ ಹೊತ್ತಿಗೆ ಯಂತ್ರಗಳನ್ನು ನಿಲ್ಲಿಸಿ ಪರೀಕ್ಷೆ ಇಟ್ಟೆ. ಬೇರೆ ಬೇರೆ ಕಟ್ಟುಗಳಿಂದ ಐದು ಹಾಳೆ. ಮೊದಲು ಈರಪ್ಪನವರ ಕಿವಿ, ಆಮೇಲೆ ಮೀಟರ್. ಪಲ್ಲವಿ ಎದುರಿಗೆ ಪೆನ್ನು ಹಿಡಿದು ನಿಂತಳು. ಈರಪ್ಪನವರು ಅಲ್ಲಾಡಿಸಿದರು. "ಇದು ಒಣಾ." "ಇದು ಹಸಿ." ಐದಕ್ಕೆ ಐದೂ ಮೀಟರಿಗೆ ತಾಳೆಯಾದವು. ನನ್ನ ಕಣ್ಣು ತುಂಬಿ ಬಂದಿತು. ಹಿಂದಿನಿಂದ ಹೋಗಿ, "ಈರಪ್ಪನವರ, ಚಹಾ ತಗೋರಿ," ಎಂದೆ. ಅವರು ತಿರುಗಲಿಲ್ಲ. ಮತ್ತೆ ಹೇಳಿದೆ. ಗೋಡೆಗೆ ಹೇಳಿದಂತಾಯಿತು.

ಪಲ್ಲವಿ ಅವರ ಹೆಗಲು ಮುಟ್ಟಿದಳು. "ಕಾಕಾ, ಗೊತ್ತಾತ್ರಿ ಇವರಿಗೆ."

"ಬಲಗಿವಿ ಹೋಗಿ ಎರಡ ವರ್ಷ ಆತ್ರಿ," ಎಂದರು ಈರಪ್ಪನವರು, ತಪ್ಪು ಮಾಡಿದವರಂತೆ. "ಎಡಗಿವೀನೂ ಅದರ ಹಿಂದ ಹೊಂಟೈತಿ."

"ಮತ್ತ ಈಗ ಹೆಂಗ ಹೇಳಿದ್ರಿ?"

ಉತ್ತರ ಪಲ್ಲವಿಯಿಂದ ಬಂತು. ಹಾಳೆಯ ಸಪ್ಪಳ ಎದುರಿಗಿದ್ದ ಅವಳಿಗೆ ಕೇಳಿಸುತ್ತಿತ್ತು. ಹಸಿಯಿದ್ದರೆ ಪೆನ್ನು ಕೆಳಗಿಳಿಸುತ್ತಿದ್ದಳು.

"ಮೀಟರ್ ನೋಡಿ ಹೇಳಿದಿ ಅನ್ನು," ಎಂದೆ ಅವಳಿಗೆ.

"ಇಲ್ರಿ ಸರ್, ಮೀಟರ್ ಮೇಜಿನ ಮ್ಯಾಲ ಇತ್ತಲ್ರಿ. ಕಾಕಾನ ಕಲಿಸ್ಯಾರ. ಮೀಟರ್ ಒತ್ತಿದ ಜಾಗಾದ್ದ ಅಷ್ಟ ಹೇಳತೈತಿ. ಅಲ್ಲಾಡಸಿದ್ರ ಇಡೀ ಹಾಳಿ ಹೇಳತೈತಿ. ಹಾಳಿ ಅಂಚಿಗಷ್ಟ ಹಸಿ ಇದ್ದ ಲೋಡ್ ಹೋದ ತಿಂಗಳ ಹಿಂಗ ಸಿಕ್ಕಿದ್ದು."

ಏಳು ಅಡಿಯನ್ನು ಅವರಿಬ್ಬರೂ ಯಾವಾಗಲೋ ದಾಟಿದ್ದರು. ಸೇತುವೆ ಅತ್ತ ಟೇಪು ಹಿಡಿದು ನಿಂತಿತ್ತು.

ಶನಿವಾರ ಮಾಲೀಕರಿಗೆ, ಕಿವಿಯ ಸಂಗತಿಯನ್ನೂ ಮುಚ್ಚಿಡದೆ, ಎಲ್ಲವನ್ನೂ ಹೇಳಿದೆ. ಈರಪ್ಪನವರನ್ನು ಸ್ಟೂಲಿನಿಂದ ಎಬ್ಬಿಸಲಿಲ್ಲ. ಕಾಗದ ಕೇಳುವುದನ್ನು ಅವರು ಈಗ ಇನ್ನೂ ಮೂವರಿಗೆ ಕಲಿಸುತ್ತಿದ್ದಾರೆ. ಮೂವರಲ್ಲಿ ಇಬ್ಬರಿಗೆ ಬಂದಿದೆ. ಮೂರನೆಯವನು ನಾನು.